ನಟ ಗಿರೀಶ ಕಾರ್ನಾಡ: ಭಾನುವಾರದ ಮೂರು ತಾಸಿನಲ್ಲಿ ಹೊಸ ಹುಡುಗರಿಗೆ ಏನು ತೋರಿಸಬೇಕು?

ಮಾಳಮಡ್ಡಿ, ಧಾರವಾಡ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ನಾಟಕ ತಂಡಕ್ಕೆ ಈ ವರ್ಷ 14 ಮಂದಿ ಹೊಸಬರು ಸೇರಿದ್ದಾರೆ. ಹೆಚ್ಚಿನವರು ಇನ್ನೂ ಕಾಲೇಜಿನಲ್ಲಿ ಓದುತ್ತಿರುವವರು. ಕಾರ್ನಾಡರ ಹೆಸರು ಹೇಳಿದ ಕೂಡಲೇ ‘ತುಘಲಕ್’, ‘ಹಯವದನ’, ‘ನಾಗಮಂಡಲ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಜ್ಞಾನಪೀಠ ಬಂದದ್ದು 1998ರಲ್ಲಿ ಎಂಬುದೂ ಅವರಿಗೆ ಬಾಯಿಪಾಠವಿದೆ. ಆದರೆ ಅವರು ನಟರಾಗಿದ್ದರು ಎಂದಾಗ ಅವರಿಗೆ ನೆನಪಾಗುವುದು 2012ರ ‘ಏಕ್ ಥಾ ಟೈಗರ್’ನಲ್ಲಿ ಗೂಢಚಾರ ಸಂಸ್ಥೆಯ ಮುಖ್ಯಸ್ಥನಾಗಿ ಬಂದುಹೋಗುವ ಮುದುಕರು ಮಾತ್ರ. ಮುಂದಿನ ತಿಂಗಳ ಒಂದು ಭಾನುವಾರ ಸಭಾಗೃಹವೊಂದು ನಮಗೆ ಮೂರು ತಾಸಿನ ಮಟ್ಟಿಗೆ ಸಿಕ್ಕಿದೆ. ಆ ಮೂರು ತಾಸಿನಲ್ಲಿ ನಟ ಕಾರ್ನಾಡರನ್ನು ಈ ಹುಡುಗರಿಗೆ ಪರಿಚಯಿಸಬೇಕೆಂದಿದ್ದೇನೆ. ಯಾವ ಪಾತ್ರ, ಯಾವ ದೃಶ್ಯ ತೋರಿಸಬೇಕು ಎಂಬುದನ್ನು ನಿಮ್ಮೆಲ್ಲರ ಜೊತೆ ಚರ್ಚಿಸಿ ನಿರ್ಧರಿಸುವ ಆಸೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರು ಕಾರ್ನಾಡರನ್ನು ನಾಟಕಕಾರರೆಂದು ಎದೆಗೆ ಹಚ್ಚಿಕೊಂಡಿತು, ಆದರೆ ನಟರಾಗಿ ಅವರನ್ನು ಸರಿಯಾಗಿ ನೋಡಲೇ ಇಲ್ಲ. ಸುಭಾಷ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ, ಅಲ್ಲಿ ಜಿ. ಬಿ. ಜೋಶಿಯವರು ಮತ್ತು ಕೀರ್ತಿನಾಥ ಕುರ್ತಕೋಟಿಯವರು ಅವರ ‘ಯಯಾತಿ’ಯನ್ನು 1961ರಲ್ಲಿ ಹೊರತಂದದ್ದು, ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಅವರು ಪದವಿ ಪಡೆದದ್ದು, ಇವನ್ನೆಲ್ಲ ನಾವು ಮನೆಮಾತಿನಂತೆ ಹೇಳಿಕೊಳ್ಳುತ್ತೇವೆ. ಅದೇ ಮನುಷ್ಯ ಕನ್ನಡ, ಹಿಂದಿ, ತೆಲುಗು, ತಮಿಳು ಚಿತ್ರಗಳಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬಣ್ಣ ಹಚ್ಚಿದರು, ದೂರದರ್ಶನದ ಮೂಲಕ ದೇಶದ ಮನೆಮನೆಗೆ ಬಂದರು. ಅದನ್ನೆಲ್ಲ ನಾಟಕಕಾರರೊಬ್ಬರ ಕೈಕೆಲಸವೆಂಬಂತೆ ಬದಿಗೆ ಸರಿಸಿದ್ದೇವೆ.

ನನ್ನ ಕಣ್ಣಿಗೆ ಅವರು ಕೇಳಿಸಿಕೊಳ್ಳುವ ನಟರು. ಎದುರಿನ ಪಾತ್ರ ಮಾತಾಡುವಾಗ ತನ್ನ ಸರದಿ ಎಂದು ಬಂದೀತೆಂದು ಕಾಯುವ ನಟರೇ ನಮ್ಮಲ್ಲಿ ಹೆಚ್ಚು. ನಾನೂ ಎಷ್ಟೋ ವರ್ಷ ಹಾಗೆಯೇ ಮಾಡಿದವಳು. ಕಾರ್ನಾಡರು ಆಗ ನಿಜವಾಗಿಯೂ ಕೇಳಿಸಿಕೊಳ್ಳುತ್ತಾರೆ, ಮತ್ತು ಕೇಳಿಸಿಕೊಂಡದ್ದರಿಂದ ಅವರ ಮುಖದಲ್ಲಿ ಏನೋ ಒಂದು ಕದಲುತ್ತದೆ. 1970ರ ‘ಸಂಸ್ಕಾರ’ವನ್ನೇ ತೆಗೆದುಕೊಳ್ಳಿ. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ, ಕಾರ್ನಾಡರೇ ಚಿತ್ರಕಥೆ ಬರೆದ ಆ ಕಪ್ಪು ಬಿಳುಪಿನ ಚಿತ್ರದಲ್ಲಿ ಅವರು ಪ್ರಾಣೇಶಾಚಾರ್ಯ. ಬ್ರಾಹ್ಮಣ್ಯದ ಆಚಾರಗಳನ್ನೆಲ್ಲ ಮುರಿದ ನಾರಣಪ್ಪ ಸತ್ತಿದ್ದಾನೆ, ಹೆಣ ಅಗ್ರಹಾರದ ಮನೆಯಲ್ಲಿ ಬಿದ್ದಿದೆ, ಸಂಸ್ಕಾರ ಮಾಡುವವರು ಯಾರೆಂದು ಬ್ರಾಹ್ಮಣರೆಲ್ಲ ಆಚಾರ್ಯರ ಜಗುಲಿಗೆ ಬಂದು ಕೂತಿದ್ದಾರೆ. ಒಬ್ಬೊಬ್ಬರೂ ತಮ್ಮ ಆಸೆಯನ್ನೂ ಅಂಜಿಕೆಯನ್ನೂ ಶಾಸ್ತ್ರದ ಮಾತಿನಲ್ಲಿ ಸುತ್ತಿ ಮುಂದಿಡುತ್ತಾರೆ. ಆಚಾರ್ಯರು ಹೆಚ್ಚು ಮಾತಾಡುವುದಿಲ್ಲ. ಮಾತು ಒಬ್ಬರಿಂದ ಇನ್ನೊಬ್ಬರಿಗೆ ಹೋದಂತೆ ಅವರ ಮುಖದ ಮೇಲಿದ್ದ ವಿದ್ವಾಂಸನ ನಿಶ್ಚಿಂತೆ ಸ್ವಲ್ಪಸ್ವಲ್ಪವೇ ಕರಗುತ್ತದೆ, ತನಗೆ ಉತ್ತರ ಗೊತ್ತಿಲ್ಲವೆಂಬುದು ಆ ಮನುಷ್ಯನಿಗಿಂತ ಮೊದಲು ನಮಗೆ ತಿಳಿದುಬಿಡುತ್ತದೆ. ಅದು ಅವರ ಮೊದಲ ಚಿತ್ರವೆಂದು ಹೇಳಿದರೆ ನಮ್ಮ ಹುಡುಗರು ನಂಬಲಿಕ್ಕಿಲ್ಲ.

ಹೀಗಾಗಿ ‘ಸಂಸ್ಕಾರ’ದ ಒಂದು ಭಾಗ ಇರಲೇಬೇಕೆಂಬುದು ನನ್ನ ಹಟ. ಮಿಕ್ಕದ್ದನ್ನು ನೀವು ಹೇಳಿರಿ.

ಗದಗ

ಅಕ್ಕಾವರೇ, ನಿಮ್ಮ ಉದ್ದೇಶ ಒಳ್ಳೆಯದು, ಕಾರ್ಯಕ್ರಮಕ್ಕೆ ನಾನೂ ಬರುತ್ತೇನೆ. ಆದರೆ ಒಂದು ಮಾತನ್ನು ತಕರಾರಿನಂತೆ ಹೇಳಲೇಬೇಕಾಗಿದೆ, ಬೇಸರಿಸಬಾರದು.

ನಮ್ಮ ತಂದೆಯವರು ಕಂಪನಿ ನಾಟಕಗಳಲ್ಲಿ ಪೇಟಿ ಬಾರಿಸುತ್ತಿದ್ದರು, ನಾನು ಬೆಳೆದದ್ದು ರಂಗದ ಹಿಂದಿನ ಬಣ್ಣದ ಕೋಣೆಯಲ್ಲಿ. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ನಮ್ಮ ಊರಿನದು. ಕುರುಡು ಮಕ್ಕಳಿಗೆ ಸಂಗೀತ ಕಲಿಸಿದ ವೀರೇಶ್ವರ ಪುಣ್ಯಾಶ್ರಮವೂ ಒಂದು ನಾಟಕ ಕಂಪನಿಯನ್ನು ಕಟ್ಟಿ ಊರೂರು ತಿರುಗಿಸಿತು. ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ನಿಂತರೆ ಥಿಯೇಟರಿನಲ್ಲಿ ಕೂತವರು ಕೈ ಮುಗಿಯುತ್ತಿದ್ದರು. 1914ರಲ್ಲಿ ಹುಟ್ಟಿ 2018ರವರೆಗೆ ನೂರು ದಾಟಿ ಬದುಕಿದ ಆ ಹಿರಿಯರು ಎಳೆಯ ವಯಸ್ಸಿನಲ್ಲಿ ಹೆಣ್ಣು ಪಾತ್ರಗಳನ್ನೂ ಮಾಡಿದವರು. ಅಲ್ಲಿ ನಟನ ಮೊದಲ ಪರೀಕ್ಷೆ ಯಾವುದೆಂದರೆ, ತಗಡಿನ ಥಿಯೇಟರಿನ ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತ ಮುದುಕಿಗೆ ಮೈಕಿನ ಹಂಗಿಲ್ಲದೆ ಪ್ರತಿಯೊಂದು ಅಕ್ಷರವೂ ಕೇಳಬೇಕು. ಕೇಳಿಸುವುದೇ ಅಲ್ಲಿನ ವಿದ್ಯೆ. ನೀವು ಕೇಳಿಸಿಕೊಳ್ಳುವ ನಟನೆಂದು ಯಾವುದನ್ನು ಹೊಗಳುತ್ತೀರೋ ಅದು ಕ್ಯಾಮೆರಾ ಹತ್ತಿರ ಬಂದು ನೋಡುವುದರಿಂದ ಸಾಧ್ಯವಾದದ್ದು ಎಂಬುದು ನನ್ನ ತಿಳುವಳಿಕೆ. ಕಾರ್ನಾಡರ ಆ ಸಣ್ಣ ಕದಲಿಕೆ ಮೂರನೆಯ ಸಾಲಿಗೆ ಕೂಡ ಮುಟ್ಟುತ್ತಿರಲಿಲ್ಲ.

ಇದನ್ನು ಕಾರ್ನಾಡರ ಮೇಲಿನ ಸಿಟ್ಟಿನಿಂದ ಹೇಳುತ್ತಿಲ್ಲ. ಶಿರಸಿಯಲ್ಲಿ ಹುಡುಗರಾಗಿದ್ದಾಗ ಕಂಪನಿ ನಾಟಕಗಳನ್ನೂ ಯಕ್ಷಗಾನವನ್ನೂ ನೋಡಿದ್ದು ತಮ್ಮೊಳಗೆ ಹೇಗೆ ಉಳಿಯಿತೆಂಬುದನ್ನು ಅವರೇ ಬರೆದಿದ್ದಾರೆ. ಮುಂಬಯಿಗೆ ಹೋದಾಗ ರಂಗನಿರ್ದೇಶಕ ಅಲ್ಕಾಜಿಯವರು ಆಡಿಸಿದ ‘ಮಿಸ್ ಜೂಲಿ’ ನಾಟಕ ನೋಡಿ, ರಂಗದ ಮೇಲಿನ ಬೆಳಕು ಮೆಲ್ಲಗೆ ಏರುವುದು ಇಳಿಯುವುದು ಕಂಡು ಬೆರಗಾದದ್ದನ್ನೂ ಬರೆದಿದ್ದಾರೆ. ಅಂದರೆ ಎರಡೂ ಲೋಕ ಅವರಿಗೆ ಗೊತ್ತಿದ್ದವು. ನಾಟಕಕಾರರಾಗಿ ಅವರು ಎರಡನ್ನೂ ಬಳಸಿಕೊಂಡರು, ‘ಹಯವದನ’ದ ಭಾಗವತನೂ ಅರ್ಧ ತೆರೆಯೂ ಬಂದದ್ದು ಅಲ್ಲಿಂದಲೇ. ನಟರಾಗಿ ಮಾತ್ರ ಅವರು ಒಂದನ್ನೇ ಆರಿಸಿಕೊಂಡರು. ರಂಗದ ಮೇಲೆ ನಿಲ್ಲಬೇಕಾದ ಹುಡುಗರಿಗೆ ಕ್ಯಾಮೆರಾದ ಅಭಿನಯವನ್ನಷ್ಟೇ ಮಾದರಿಯೆಂದು ತೋರಿಸಿದರೆ, ನಾಳೆ ಅವರು ಕಲಾಭವನದ ರಂಗದ ಮೇಲೆ ನಿಂತು ತಮ್ಮಷ್ಟಕ್ಕೆ ತಾವು ಗೊಣಗತೊಡಗುತ್ತಾರೆ. ಇಂಥ ಪ್ರಯೋಗಗಳನ್ನು ನಾನು ಇತ್ತೀಚೆಗೆ ಎರಡು ಮೂರು ಕಡೆ ನೋಡಿ ಬಂದಿದ್ದೇನೆ.

ವಿದ್ಯಾನಗರ, ಹುಬ್ಬಳ್ಳಿ

ಗದಗದ ಗುರುಗಳ ಮಾತಿನಲ್ಲಿ ತಥ್ಯವಿದೆ. ಆದರೂ ‘ಮಾಲ್ಗುಡಿ ಡೇಸ್’ ಬಿಟ್ಟು ಈ ಕಾರ್ಯಕ್ರಮ ಮಾಡುವುದು ನನಗೆ ಒಪ್ಪಿಗೆಯಿಲ್ಲ.

1986ರಲ್ಲಿ ದೂರದರ್ಶನದಲ್ಲಿ ಅದು ಆರಂಭವಾದಾಗ ನಾವು ಹಳೇಹುಬ್ಬಳ್ಳಿಯ ವಾಡೆಯೊಂದರಲ್ಲಿ ಬಾಡಿಗೆಗೆ ಇದ್ದೆವು. ಆರು ಮನೆಗಳ ನಡುವೆ ಒಂದೇ ಟೀವಿ, ಅದೂ ಮಾಲೀಕರ ಪಡಸಾಲೆಯಲ್ಲಿ. ಹೊತ್ತಿಗೆ ಮುಂಚೆಯೇ ಮಕ್ಕಳೆಲ್ಲ ಚಾಪೆ ಹಾಸಿ ಕೂಡುತ್ತಿದ್ದೆವು, ಹೆಂಗಸರು ಬಾಗಿಲಲ್ಲಿ ಸೊಪ್ಪು ಸೋಸುತ್ತ ನಿಲ್ಲುತ್ತಿದ್ದರು. ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆ ರಾಗ ಶುರುವಾದರೆ ಅಂಗಳದಲ್ಲಿ ಆಡುತ್ತಿದ್ದವರೂ ಓಡಿ ಬರುತ್ತಿದ್ದರು. ಆರ್. ಕೆ. ನಾರಾಯಣರ ಕಥೆಗಳು, ಅವರ ತಮ್ಮ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು, ಶಂಕರನಾಗ್ ಅವರ ನಿರ್ದೇಶನ, ಆಗುಂಬೆಯ ದೊಡ್ಡಮನೆ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ತಂದೆಯಾಗಿ ಕಾರ್ನಾಡರು. ಮಾತೆಲ್ಲ ಹಿಂದಿಯಲ್ಲಿತ್ತು, ನಮ್ಮಲ್ಲಿ ಅರ್ಧ ಮಂದಿಗೆ ಹಿಂದಿ ಬರುತ್ತಿರಲಿಲ್ಲ. ಆದರೂ ಸ್ವಾಮಿಯ ಅಪ್ಪ ಮನೆಯೊಳಗೆ ಕಾಲಿಟ್ಟರೆ ಟೀವಿಯ ಮುಂದೆ ಕೂತ ನಾವೂ ನೆಟ್ಟಗಾಗುತ್ತಿದ್ದೆವು.

ಅದು ಹೇಗಾಯಿತೆಂದು ದೊಡ್ಡವನಾದ ಮೇಲೆ ಮತ್ತೆ ನೋಡಿ ತಿಳಿದುಕೊಳ್ಳಲು ಯತ್ನಿಸಿದ್ದೇನೆ. ವಕೀಲರಾದ ಆ ತಂದೆ ಮಗನನ್ನು ಹೊಡೆಯುವುದಿಲ್ಲ, ಚೀರುವುದೂ ಅಪರೂಪ. ಮಗ ಒಂದು ನೆಪ ಹೇಳುತ್ತಾನೆ, ತಂದೆ ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸದೆಯೇ ಅದನ್ನು ಪೂರ್ತಿ ಕೇಳುತ್ತಾರೆ, ಆಮೇಲೆ ತಲೆಯೆತ್ತುತ್ತಾರೆ. ಆ ತಲೆಯೆತ್ತುವಿಕೆಯಲ್ಲಿ ಹುಡುಗನ ಸುಳ್ಳು ಪೂರಾ ಬಿದ್ದುಹೋಗಿರುತ್ತದೆ. ಮನೆಯ ಪಡಸಾಲೆಯಲ್ಲಿ, ಎರಡು ಮೊಳ ದೂರದಲ್ಲಿ ಕೂತು ನೋಡುವ ಟೀವಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಸಿನಿಮಾದ ಪರದೆ, ಟೀವಿಯ ಪೆಟ್ಟಿಗೆ ಎರಡರಲ್ಲೂ ಕ್ಯಾಮೆರಾ ಇದೆಯಾದರೂ ಎರಡೂ ಒಂದೇ ಅಲ್ಲವೆಂದು ಕಾರ್ನಾಡರಿಗೆ ಚೆನ್ನಾಗಿ ಗೊತ್ತಿತ್ತು. ‘ಸಂಸ್ಕಾರ’ದ ಆಚಾರ್ಯರ ಮೌನಕ್ಕೆ ಒಂದು ಭಾರವಿದೆ, ಸ್ವಾಮಿಯ ತಂದೆಯ ಮೌನ ದಿನನಿತ್ಯದ್ದು, ನಮ್ಮ ನಿಮ್ಮ ಮನೆಯದು.

ಮುಂದೆ 1990ರ ದಶಕದ ಆರಂಭದಲ್ಲಿ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ ವಿಜ್ಞಾನ ಕಾರ್ಯಕ್ರಮವನ್ನು ಅವರು ನಡೆಸಿಕೊಟ್ಟರು. ಪ್ರೊ. ಯಶಪಾಲ್ ಅವರು ಜನರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಕಾರ್ಯಕ್ರಮ ಅದೇ. ಪಾತ್ರವಿಲ್ಲದೆ, ತಾನು ತಾನಾಗಿಯೇ ಕ್ಯಾಮೆರಾದ ಮುಂದೆ ಕೂಡುವುದೂ ನಟನಿಗೆ ಒಂದು ಕಸರತ್ತೇ. ಹುಡುಗರು ಧಾರಾವಾಹಿಗಳ ಕಡೆಗೆ ಹೋಗುವ ಕಾಲವಿದು, ಆದ್ದರಿಂದ ಟೀವಿಯ ಭಾಗವನ್ನು ಕೈಬಿಡಬೇಡಿರಿ.

ಶಿಗ್ಗಾವಿ, ಹಾವೇರಿ ಜಿಲ್ಲೆ

ಇಷ್ಟೆಲ್ಲ ಚರ್ಚೆಯಾಯಿತು, ನಮ್ಮ ತಾಲೂಕಿನ ಕಥೆಯನ್ನು ಮಾತ್ರ ಯಾರೂ ಎತ್ತಲಿಲ್ಲ. 1990ರ ‘ಸಂತ ಶಿಶುನಾಳ ಶರೀಫ’. ಟಿ. ಎಸ್. ನಾಗಾಭರಣರ ನಿರ್ದೇಶನ, ಶರೀಫರಾಗಿ ಶ್ರೀಧರ್, ಸಿ. ಅಶ್ವತ್ಥರ ಸಂಗೀತ. ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡರು.

ಶಿಶುನಾಳ ನಮ್ಮೂರಿನಿಂದ ದೂರವಿಲ್ಲ, ಗೋವಿಂದ ಭಟ್ಟರ ಕಳಸ ಕುಂದಗೋಳ ತಾಲೂಕಿನಲ್ಲಿದೆ. ಮುಸಲ್ಮಾನ ಹುಡುಗನಿಗೆ ಬ್ರಾಹ್ಮಣ ಗುರು ಜನಿವಾರ ಹಾಕಿದ್ದು, ಎರಡೂ ಕಡೆಯವರ ಬೈಗುಳವನ್ನು ಗುರು ಶಿಷ್ಯರಿಬ್ಬರೂ ಉಂಡದ್ದು ನಮ್ಮ ಭಾಗದಲ್ಲಿ ಅಜ್ಜಿಯಂದಿರು ಹೇಳುವ ಕಥೆ. ಹೀಗೆ ಜನರ ಬಾಯಲ್ಲಿ ಜೀವಂತವಾಗಿರುವ ಮನುಷ್ಯನನ್ನು ಅಭಿನಯಿಸುವುದು ಸುಲಭವಲ್ಲ, ಯಾಕೆಂದರೆ ಪ್ರತಿಯೊಬ್ಬರ ಮನಸ್ಸಿನಲ್ಲೂ ಒಬ್ಬ ಗೋವಿಂದ ಭಟ್ಟರು ಮೊದಲೇ ಇದ್ದಾರೆ. ಚಿತ್ರ ನೋಡಿ ಬಂದ ನಮ್ಮ ಅಜ್ಜ ಬಹಳ ಹೊತ್ತು ಸುಮ್ಮನಿದ್ದು, “ಭಟ್ರು ಹಿಂಗs ಇದ್ದಿರಬೇಕು” ಎಂದದ್ದು ನನಗೆ ಇವತ್ತಿಗೂ ನೆನಪಿದೆ. ನಮ್ಮ ಅಜ್ಜ ಸಿನಿಮಾದವರನ್ನು ಹೊಗಳುವ ಪೈಕಿ ಅಲ್ಲ.

ಆ ಚಿತ್ರದಲ್ಲಿ ಹಾಡುವವನು ಶರೀಫ. ಗುರುವಿನ ಕೆಲಸವೆಂದರೆ ಕೇಳುವುದು. ಮಾಳಮಡ್ಡಿಯ ಅಕ್ಕಾವರು ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲವೆನಿಸುತ್ತದೆ. ಶಿಷ್ಯನ ಪದ ಹರಿಯುತ್ತಿರುವಾಗ ಗುರುವಿನ ಕಣ್ಣಲ್ಲಿ ಮೆಚ್ಚುಗೆ ಬರಬೇಕು, ಆದರೆ ಮೆಚ್ಚುಗೆಯಿಂದ ಶಿಷ್ಯ ಉಬ್ಬಬಾರದೆಂಬ ಎಚ್ಚರವೂ ಅದೇ ಕಣ್ಣಲ್ಲಿ ಇರಬೇಕು. ಕಾರ್ನಾಡರ ಮುಖದಲ್ಲಿ ಎರಡೂ ಇವೆ. ಅವರ ಮನೆಮಾತು ಕೊಂಕಣಿ, ಓದಿದ್ದು ಆಕ್ಸ್‌ಫರ್ಡಿನಲ್ಲಿ. ಅದರ ನೆರಳು ಕೂಡ ಆ ಪಾತ್ರದ ಮೇಲೆ ಬೀಳುವುದಿಲ್ಲ. ಹದಿಹರೆಯದಲ್ಲಿ ಧಾರವಾಡದ ಓಣಿಗಳಲ್ಲಿ ಓಡಾಡಿದ ಕಿವಿ ಅಲ್ಲಿ ಕೆಲಸ ಮಾಡಿದೆ. ಬೇಕಾದರೆ ಎಲ್ಲ ಬಿಟ್ಟು ಇದೊಂದನ್ನೇ ತೋರಿಸಿರಿ ಎಂದು ಕೇಳಿಕೊಳ್ಳುತ್ತೇನೆ.

ಸಪ್ತಾಪುರ, ಧಾರವಾಡ

ನಾನು ಸ್ವಲ್ಪ ಬೇರೆ ದಾರಿಯಲ್ಲಿ ಯೋಚಿಸುತ್ತಿದ್ದೇನೆ. ಈವರೆಗೆ ಬಂದ ಪಾತ್ರಗಳನ್ನು ಒಂದು ಸಾಲಿನಲ್ಲಿ ಇಟ್ಟು ನೋಡಿರಿ: ಆಚಾರ್ಯರು, ವಕೀಲರು, ಗುರುಗಳು. ‘ನಿಶಾಂತ್’ನಲ್ಲಿ ಸಾಲೀ ಮಾಸ್ತರು, ‘ಮಂಥನ್’ನಲ್ಲಿ ಪಶುವೈದ್ಯ ಡಾ. ರಾವ್, ‘ಆನಂದ ಭೈರವಿ’ಯಲ್ಲಿ ನೃತ್ಯಗುರು. ಓದಿದ, ಗೌರವಸ್ಥ, ಮೇಲ್ಜಾತಿಯ ಗಂಡಸು. ಒಕ್ಕಲಿಗನಾಗಿ, ಕೂಲಿಯವನಾಗಿ, ಸಂತೆಯಲ್ಲಿ ಕೂಗಿ ಮಾರುವವನಾಗಿ ಅವರನ್ನು ಕಲ್ಪಿಸಿಕೊಳ್ಳಲಿಕ್ಕೆ ನನಗೆ ಆಗುವುದಿಲ್ಲ. 1999ರಲ್ಲಿ ಕುವೆಂಪು ಅವರ ಕಾದಂಬರಿಯನ್ನು ‘ಕಾನೂರು ಹೆಗ್ಗಡತಿ’ಯೆಂದು ತಾವೇ ನಿರ್ದೇಶಿಸಿ ಚಂದ್ರೇಗೌಡರಾಗಿ ನಟಿಸಿದರು. ಆ ಪಾತ್ರಕ್ಕೆ ಬೇಕಾದ ಮಣ್ಣಿನ ಒರಟುತನ ಅವರ ದೇಹದಲ್ಲಿ ಇರಲಿಲ್ಲವೆಂಬುದು ನನ್ನ ಅನಿಸಿಕೆ. ಇದು ಅವರ ಮಿತಿ, ಹುಡುಗರಿಗೆ ಇದನ್ನೂ ಹೇಳಬೇಕು. ಹೊಗಳಿಕೆಯಿಂದ ಯಾರೂ ಅಭಿನಯ ಕಲಿತದ್ದಿಲ್ಲ.

ಆದರೆ ಆ ಗೌರವಸ್ಥ ಮುಖವನ್ನೇ ತಿರುಗಿಸಿ ಬಳಸಿದ ಪಾತ್ರಗಳು ನನಗೆ ಅತ್ಯಂತ ಇಷ್ಟ. 1994ರ ತಮಿಳಿನ ‘ಕಾದಲನ್’ನಲ್ಲಿ ಅವರು ರಾಜ್ಯಪಾಲ, ಖಳನಾಯಕ. 2005ರ ‘ಇಕ್ಬಾಲ್’ನಲ್ಲಿ ಕ್ರಿಕೆಟ್ ಕಲಿಸುವ ಗುರೂಜಿ. ಮಾತು ಬಾರದ, ಕಿವಿ ಕೇಳದ ಹಳ್ಳಿಯ ಹುಡುಗನ ಚೆಂಡಿನ ವೇಗ ಅವರಿಗೆ ಗೊತ್ತಾಗಿದೆ, ಆದರೂ ಉಳ್ಳವರ ಮಗನ ಪಕ್ಷ ವಹಿಸಿ ಹುಡುಗನನ್ನು ಹೊರಗೆ ಹಾಕುತ್ತಾರೆ. ಅಲ್ಲಿಯೂ ಅದೇ ಮೆಲುದನಿ, ಅದೇ ಸೌಜನ್ಯ. ಗೋವಿಂದ ಭಟ್ಟರ ಪಕ್ಕದಲ್ಲಿ ಈ ಗುರೂಜಿಯನ್ನು ಇಟ್ಟು ತೋರಿಸಿದರೆ, ಒಂದೇ ಮುಖ ಎರಡು ಬಗೆಯ ಗುರುವಾಗುವುದು ಹೇಗೆಂದು ಹುಡುಗರು ಕಣ್ಣಾರೆ ನೋಡುತ್ತಾರೆ.

ಮಾಳಮಡ್ಡಿ, ಧಾರವಾಡ (ಚರ್ಚೆ ಆರಂಭಿಸಿದವರು)

ಸಪ್ತಾಪುರದ ಸರ್, ಮಿತಿಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಎರಡು ಗುರುಗಳ ಸೂಚನೆಯನ್ನು ಕಾರ್ಯಕ್ರಮಕ್ಕೆ ಈಗಲೇ ಸೇರಿಸಿಕೊಂಡಿದ್ದೇನೆ. ಆದರೆ ‘ನಿಶಾಂತ್’ನ ಮಾಸ್ತರರನ್ನು ನೀವು ಆ ಸಾಲಿನಲ್ಲಿ ಸೇರಿಸಿ ಮುಂದೆ ಸಾಗಿದ್ದು ನನಗೆ ಸಮಾಧಾನವಾಗಲಿಲ್ಲ. ಅಲ್ಲಿ ಓದಿದವನ ಗೌರವವೇ ಬೀದಿಗೆ ಬೀಳುತ್ತದೆ.

ಶ್ಯಾಮ ಬೆನಗಲ್ ಅವರ 1975ರ ಚಿತ್ರ, 1945ರ ತೆಲಂಗಾಣದ ಹಳ್ಳಿ. ಜಮೀನುದಾರನ ತಮ್ಮಂದಿರು ಮಾಸ್ತರನ ಹೆಂಡತಿಯನ್ನು ಮನೆಯಿಂದಲೇ ಹೊತ್ತೊಯ್ಯುತ್ತಾರೆ, ಊರೆಲ್ಲ ಬಾಗಿಲ ಸಂದಿಯಿಂದ ನೋಡಿ ಸುಮ್ಮನಿರುತ್ತದೆ. ಆಮೇಲೆ ಆ ಮನುಷ್ಯ ಪೊಲೀಸರ ಬಳಿ, ವಕೀಲರ ಬಳಿ, ಕಲೆಕ್ಟರರ ಬಳಿ ಹೋಗಿ ಅದೇ ಸಂಗತಿಯನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಅರ್ಜಿ ಬರೆಯಲು ಬಲ್ಲವನ ನಂಬಿಕೆ ಒಂದೊಂದು ಕಚೇರಿಯ ಮೆಟ್ಟಿಲಿನಲ್ಲೂ ಒಂದಿಷ್ಟು ಉದುರುತ್ತದೆ. ಭುಜ ಇಳಿಯುತ್ತದೆ, ದನಿ ಒಣಗುತ್ತದೆ. ಅಳುವಿಲ್ಲ.

ನಾನು ತೋರಿಸಬೇಕೆಂದಿರುವುದು ಗುಡಿಯ ದೃಶ್ಯ. ಗಂಡ ಹೆಂಡತಿ ಅಲ್ಲಿ ಎದುರುಬದುರಾಗುತ್ತಾರೆ. ಶಬಾನಾ ಆಜ್ಮಿಯವರ ಸುಶೀಲೆ ಅಳುವುದಿಲ್ಲ, ಕೇಳುತ್ತಾಳೆ: ನನ್ನನ್ನು ಬಿಡಿಸಲು ನೀನೇನು ಮಾಡಿದೆ ಎಂಬುದು ಅವಳ ಮಾತಿನ ತಿರುಳು. ಕಾರ್ನಾಡರಿಗೆ ಅಲ್ಲಿ ಕೊಡಲು ಉತ್ತರವಿಲ್ಲ. ಒಬ್ಬ ನಟನಿಗೆ ಇಂಥ ದೃಶ್ಯ ಬಂದರೆ ಏನಾದರೂ ಮಾಡಬೇಕೆಂಬ ಆಸೆ ಹುಟ್ಟುತ್ತದೆ, ಮುಖ ಮುಚ್ಚಿಕೊಳ್ಳಬೇಕು, ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಎನಿಸುತ್ತದೆ. ಅವರು ಅದಾವುದನ್ನೂ ಮಾಡದೆ ಹೆಂಡತಿಯ ಮಾತು ತನ್ನ ಮೇಲೆ ಬೀಳಲು ಬಿಡುತ್ತಾರೆ. ದೃಶ್ಯ ಶಬಾನಾ ಅವರದಾಗಿಯೇ ಉಳಿಯುತ್ತದೆ, ಅದು ಹಾಗೆ ಉಳಿಯುವಂತೆ ನೋಡಿಕೊಂಡವರು ಎದುರು ನಿಂತ ನಟರು. ಆ ಅವಮಾನ ಮೈಯೊಳಗೆ ಇಳಿದದ್ದು ನಮಗೆ ಕಂಡಿರುವುದರಿಂದಲೇ, ಮುಂದೆ ಅವರು ಅರ್ಚಕನ ಜೊತೆ ಸೇರಿ ಊರನ್ನು ಎಬ್ಬಿಸುವಾಗ ನಮಗೆ ನಂಬಿಕೆ ಬರುತ್ತದೆ. ನಮ್ಮ ತಂಡದ ಹುಡುಗರು, ಅದರಲ್ಲೂ ಗಂಡುಹುಡುಗರು, ಇದನ್ನು ಎರಡು ಸಲ ನೋಡಲಿ ಎಂಬುದು ನನ್ನ ಆಸೆ.

ನವಲಗುಂದ

‘ಮಂಥನ್’ ಬಗ್ಗೆ ಎರಡೇ ಮಾತು. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಚಿತ್ರವದು, 1976ರದು. ಸರಿಪಡಿಸಿದ ಪ್ರತಿಯನ್ನು 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಮೊದಲ ದೃಶ್ಯದಲ್ಲಿ ರೈಲು ಸರಿಯಾದ ಹೊತ್ತಿಗೆ ಬಂದುಬಿಟ್ಟದ್ದರಿಂದ ಸ್ವಾಗತಕ್ಕೆ ಬರಬೇಕಾದವರು ತಡವಾಗಿ ಓಡಿಬರುತ್ತಾರೆ. ನಮ್ಮ ಹಾಲಿನ ಸೊಸೈಟಿಯಲ್ಲಿ ಒಮ್ಮೆ ಗೋಡೆಗೆ ಬಿಳಿ ಪಂಜೆ ಕಟ್ಟಿ ಈ ಚಿತ್ರ ತೋರಿಸಿದ್ದೆವು. ಎಮ್ಮೆ ಕಟ್ಟುವ ಹೆಣ್ಣುಮಕ್ಕಳು ಕೊನೆಯವರೆಗೆ ಕೂತು ನೋಡಿದರು. ಡಾಕ್ಟರು ಅರ್ಧಕ್ಕೇ ವರ್ಗವಾಗಿ ಹೋದದ್ದು ತಪ್ಪೆಂದು ಅವರೊಳಗೇ ಮರುದಿನದವರೆಗೂ ವಾದ ನಡೆಯಿತು. ನಟ ಯಾರೆಂಬುದು ಅವರಿಗೆ ಗೊತ್ತಿರಲಿಲ್ಲ, ಅವರಿಗೆ ಆತ ಡಾಕ್ಟರೇ ಆಗಿದ್ದರು.

ರಾಣೇಬೆನ್ನೂರು

ಗದಗದ ಗುರುಗಳು ಎತ್ತಿದ ಪ್ರಶ್ನೆಗೆ ಇನ್ನೂ ಯಾರೂ ನೇರವಾಗಿ ಉತ್ತರಿಸಿಲ್ಲ. ಹವ್ಯಾಸಿ ತಂಡದಲ್ಲಿ ‘ತುಘಲಕ್’ ಆಡಿದವನಾಗಿ, ಅಗಸ ಅಜೀಜನ ಪಾತ್ರ ಮಾಡಿದವನಾಗಿ, ನನಗೆ ತಿಳಿದದ್ದನ್ನು ಹೇಳುತ್ತೇನೆ.

1964ರ ಆ ನಾಟಕವನ್ನು ಬರೆದಾಗ ಕಾರ್ನಾಡರು ಸಿನಿಮಾಕ್ಕೆ ಕಾಲಿಟ್ಟಿರಲಿಲ್ಲ. ಆಕ್ಸ್‌ಫರ್ಡಿನಿಂದ ಬಂದು ಮದ್ರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರ ಕೆಲಸದಲ್ಲಿದ್ದರು, ಅಲ್ಲಿನ ಹವ್ಯಾಸಿ ರಂಗತಂಡದ ಒಡನಾಟವಿತ್ತು. 13 ದೃಶ್ಯಗಳ ಆ ನಾಟಕ ಗುರುಗಳು ಹೇಳುವ ಅರ್ಥದಲ್ಲಿ ದೊಡ್ಡ ದನಿಯ ನಾಟಕವೇ. ಸಿ. ಆರ್. ಸಿಂಹ ಅವರ ತುಘಲಕನನ್ನು ಕೇಳಿದವರು ಆ ಕಂಠವನ್ನು ಮರೆಯುವುದಿಲ್ಲ, ದಿಲ್ಲಿಯ ಹಳೆಯ ಕೋಟೆಯಲ್ಲಿ ಅಲ್ಕಾಜಿಯವರು ಮನೋಹರ ಸಿಂಗ್ ಅವರಿಂದ ಆಡಿಸಿದ್ದು ಬಯಲಿನಲ್ಲಿ. ಅಂದರೆ ನಟನ ದನಿ ಕಟ್ಟಕಡೆಯ ಸಾಲಿಗೆ ಹೇಗೆ ಮುಟ್ಟಬೇಕೆಂಬುದು ಬರೆದವರಿಗೆ ಗೊತ್ತಿತ್ತು. ತಾಲೀಮಿನಲ್ಲಿ ನನಗೆ ಅನುಭವವಾದದ್ದೇನೆಂದರೆ, ಆ ಮಾತುಗಳಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದು ವಾಕ್ಯದೊಳಗೇ ಇದೆ. ಬಾಯಿಪಾಠ ಮಾಡುವಾಗ ಎಲ್ಲಿಯೋ ತೊಡಕಾಯಿತೆಂದರೆ, ಪುಸ್ತಕ ತೆರೆದು ನೋಡಿದಾಗ ನಾನೇ ಒಂದು ಶಬ್ದ ಹಿಂದುಮುಂದು ಮಾಡಿರುತ್ತಿದ್ದೆ.

ಆದರೂ ಅದೇ ನಾಟಕ ಮುಗಿಯುವುದು ಮೌನದಲ್ಲಿ. ಸುಲ್ತಾನ ಸಿಂಹಾಸನದಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಾನೆ, ದೂರದಿಂದ ಆಜಾನ್ ಕೇಳಿಸುತ್ತದೆ, ನಿಂತುಹೋಗುತ್ತದೆ, ಆಮೇಲೆ ಕಣ್ಣು ಬಿಟ್ಟು ತಾನೆಲ್ಲಿದ್ದೇನೆಂದು ತಿಳಿಯದವನಂತೆ ಸುತ್ತಲೂ ನೋಡುತ್ತಾನೆ. ಅಲ್ಲಿ ನಟನಿಗೆ ಮಾತೇ ಇಲ್ಲ, ಕೇಳುವುದು ಮತ್ತು ನೋಡುವುದು ಮಾತ್ರ, ಅದೂ ಕ್ಯಾಮೆರಾ ಇಲ್ಲದೆ ಕೊನೆಯ ಸಾಲಿಗೆ ಮುಟ್ಟಬೇಕು. ನಮ್ಮ ಪ್ರಯೋಗದ ದಿನ ತುಘಲಕನಾಗಿದ್ದ ಗೆಳೆಯ ಆ ಕ್ಷಣದಲ್ಲಿ ಒಂದು ಕೈಯನ್ನು ಸಿಂಹಾಸನದ ತೋಳಿನ ಮೇಲೆ ತಡಕಾಡಿದ, ಅಷ್ಟೇ. ನಾನು ಪಕ್ಕದ ತೆರೆಯ ಮರೆಯಲ್ಲಿ ನಿಂತಿದ್ದೆ. ಸಭಾಗೃಹದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಗದಗ

ರಾಣೇಬೆನ್ನೂರಿನ ತಮ್ಮಾ, ನೀನು ಹೇಳಿದ ಆ ತಡಕಾಡುವ ಕೈ ನನಗೆ ಪೂರಾ ತಿಳಿಯಿತು. ನಮ್ಮ ಕಂಪನಿಯ ಹಿರಿಯ ನಟರೂ ಹಾಡು ಮುಗಿಸಿ, ಒನ್ಸ್ ಮೋರ್ ಕೂಗು ಅಡಗಿದ ಮೇಲೆ, ಒಂದು ಗಳಿಗೆ ಏನೂ ಮಾಡದೆ ನಿಲ್ಲುತ್ತಿದ್ದರು. ತಂದೆಯವರು ಆಗ ಪೇಟಿಯ ಮೇಲಿನ ಕೈ ತೆಗೆದು ಕಾಯುತ್ತಿದ್ದರು. ಅದನ್ನು ನಾನು ಇಷ್ಟು ದಿನ ಅಭಿನಯದ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೂ ಮೊದಲು ದನಿ ಮುಟ್ಟಬೇಕು, ಆಮೇಲೆ ಮೌನ ಎಂಬ ನನ್ನ ಮಾತನ್ನು ಬಿಟ್ಟುಕೊಡುವುದಿಲ್ಲ.

ಮಾಳಮಡ್ಡಿ, ಧಾರವಾಡ (ಚರ್ಚೆ ಆರಂಭಿಸಿದವರು)

ಗುರುಗಳೇ, ನಿಮ್ಮ ತಕರಾರು ಬಾರದಿದ್ದರೆ ನಾನು ಮೂರು ತಾಸೂ ಪರದೆಯ ಮೇಲೆಯೇ ಕಳೆಯುತ್ತಿದ್ದೆ. ಈಗ ಯೋಜನೆ ಬದಲಾಗಿದೆ.

ಮೊದಲು ‘ಸಂಸ್ಕಾರ’ದ ಜಗುಲಿ, ಆಮೇಲೆ ‘ನಿಶಾಂತ್’ನ ಗುಡಿ. ಅದರ ಬೆನ್ನಿಗೆ ‘ಮಾಲ್ಗುಡಿ ಡೇಸ್’ನ ಒಂದು ಪೂರ್ತಿ ಕಂತು, ನಂತರ ಗೋವಿಂದ ಭಟ್ಟರು ಮತ್ತು ‘ಇಕ್ಬಾಲ್’ನ ಗುರೂಜಿ, ಪಕ್ಕಪಕ್ಕದಲ್ಲಿ. ‘ಮಂಥನ್’ ಈ ಸಲ ಬಿಡುತ್ತಿದ್ದೇನೆ. ಅದನ್ನು ತುಣುಕು ಮಾಡಿ ತೋರಿಸಲು ಮನಸ್ಸು ಬರುತ್ತಿಲ್ಲ, ನವಲಗುಂದದವರು ಮಾಡಿದಂತೆ ಇಡಿಯಾಗಿಯೇ ಒಂದು ದಿನ ತೋರಿಸೋಣ.

ಕೊನೆಯ ಒಂದು ತಾಸು ಪರದೆ ಸುತ್ತಿಡುತ್ತೇವೆ. ಕಾರ್ನಾಡರು 2005ರಲ್ಲಿ ‘ಒಡಕಲು ಬಿಂಬ’ ಬರೆದು, ಸ್ವತಃ ಕೆ. ಎಂ. ಚೈತನ್ಯ ಅವರೊಂದಿಗೆ ನಿರ್ದೇಶಿಸಿದ್ದು ನಿಮಗೆಲ್ಲ ಗೊತ್ತಿದೆ, ಕನ್ನಡದಲ್ಲಿ ಅರುಂಧತಿ ನಾಗ್ ಅವರು ಅದನ್ನು ಅಭಿನಯಿಸಿದರು. ರಂಗದ ಮೇಲೆ ಒಬ್ಬಳೇ ನಟಿ, ಟೀವಿ ಸ್ಟುಡಿಯೋ. ಲೇಖಕಿ ಮಂಜುಳಾ ನಾಯಕ ಟೀವಿಯಲ್ಲಿ ಮಾತಾಡಿ ಮುಗಿಸಿ ಎದ್ದು ಹೊರಡುವಾಗ, ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ಮಾತಿಗೆಳೆಯುತ್ತದೆ. ಬಿಂಬದ ಮಾತು ಮೊದಲೇ ಚಿತ್ರೀಕರಿಸಿದ್ದು, ಅದು ನಟಿಗಾಗಿ ಕಾಯುವುದಿಲ್ಲ, ಹೀಗಾಗಿ ರಂಗದ ಮೇಲಿರುವವಳು ಪ್ರತಿಯೊಂದು ಮಾತನ್ನೂ ಕಿವಿಗೊಟ್ಟು ಕೇಳದೆ ಬೇರೆ ದಾರಿಯೇ ಇಲ್ಲ. ಕ್ಯಾಮೆರಾದ ಮುಂದೆ 35 ವರ್ಷ ಕಳೆದ ನಟನೊಬ್ಬ ಬರೆಯಬಹುದಾದ ನಾಟಕ ಅದೆಂದು ನನಗೆ ಯಾವಾಗಲೂ ಅನಿಸಿದೆ. ನಮ್ಮ ಹುಡುಗಿಯೊಬ್ಬಳು ಎರಡು ಪುಟದಷ್ಟು ಮಾತನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡು ಬರುತ್ತಾಳೆ. ಪ್ರತಿಯೊಬ್ಬರೂ ಸರದಿಯಂತೆ ಎದ್ದು ಆ ಬಿಂಬದ ಎದುರು ನಿಲ್ಲಬೇಕು.

ಗದಗದ ಗುರುಗಳಲ್ಲಿ ನನ್ನದೊಂದು ವಿನಂತಿ. ಆ ತಾಸು ಆರಂಭವಾಗುವ ಮೊದಲು ನೀವು ರಂಗದ ಮೇಲೆ ಬಂದು ಬಸವಣ್ಣನ ಪಾತ್ರದ ಒಂದು ಮಾತನ್ನು ಕಂಪನಿಯ ಪದ್ಧತಿಯಲ್ಲಿಯೇ ಹೇಳಿ ತೋರಿಸಬೇಕು. ಹುಡುಗರನ್ನು ಕಟ್ಟಕಡೆಯ ಸಾಲಿನಲ್ಲಿ ಕೂಡಿಸುತ್ತೇನೆ.

ಗದಗ

ಆಗಲಿ ಅಕ್ಕಾವರೇ, ಮುಂಜಾನೆಯ ಮೊದಲ ಬಸ್ಸಿಗೆ ಹೊರಡುತ್ತೇನೆ, ತಂದೆಯವರ ಪೇಟಿಯನ್ನೂ ತರುತ್ತೇನೆ. ಸಭಾಗೃಹದವರಿಗೆ ಒಂದು ಮಾತು ಮೊದಲೇ ಹೇಳಿಡಿರಿ: ನಾನು ರಂಗದ ಮೇಲಿರುವಷ್ಟು ಹೊತ್ತು ಮೈಕು ಹಚ್ಚಬಾರದು.